ಸಹಿ ಹಾಕುವ ಮುಂಚೆ ಕೇಳಬೇಕಾದ ಮಾತು: ಗಡಿಭಾಗದ ಸಣ್ಣ ವ್ಯಾಪಾರಿಗೆ ಕಾನೂನು ಸಲಹೆ ಏಕೆ ಬೇಕು?

ಕನ್ನಡ ಶಾಲೆಯ ಶಿಕ್ಷಕರಾದ ನಮ್ಮ ಬಳಿಗೆ ಪಾಲಕರು ಮಕ್ಕಳ ಅಂಕಪಟ್ಟಿ ನೋಡಲು ಮಾತ್ರ ಬರುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು, “ಸರ, ಇದರಾಗ ಏನ್ ಬರದಾರ, ಜರಾ ಓದಿ ಹೇಳ್ರಿ” ಎನ್ನುವವರು ವರ್ಷವಿಡೀ ಇರುತ್ತಾರೆ. ಅದು ಬ್ಯಾಂಕಿನ ಪತ್ರವಿರಬಹುದು, ತೆರಿಗೆಯ ನೋಟಿಸ್ ಇರಬಹುದು, ಕಂಪನಿಯೊಂದರ ಕರಾರು ಇರಬಹುದು. ಕೆಲವು ತೆಲುಗಿನಲ್ಲಿರುತ್ತವೆ, ಹೆಚ್ಚಿನವು ಇಂಗ್ಲಿಷಿನಲ್ಲಿ.

ಹಾಗೆ ಬಂದವರಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಒಬ್ಬ ತಂದೆಯನ್ನು ನಾವು ಮರೆಯಲಾರೆವು. ಸರಕಿನ ಏಜೆನ್ಸಿ ಕೊಡುತ್ತೇವೆಂದು ಬಂದವರ ಮಾತು ನಂಬಿ ಅವರು ಠೇವಣಿ ಕಟ್ಟಿದ್ದರು, ಆರು ಪುಟಗಳ ಕರಾರಿಗೆ ಸಹಿ ಹಾಕಿದ್ದರು. ಕಾಗದ ನಮ್ಮ ಕೈಗೆ ಬರುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಪ್ರತಿ ತಿಂಗಳು ಇಂತಿಷ್ಟು ಸರಕು ಎತ್ತದಿದ್ದರೆ ಠೇವಣಿ ಮರಳದು, ತಕರಾರು ಬಂದರೆ ದೂರದ ಮಹಾನಗರವೊಂದರಲ್ಲೇ ಅದರ ತೀರ್ಮಾನ ಎಂಬ ಎರಡು ಶರತ್ತುಗಳು ನಾಲ್ಕನೆಯ ಪುಟದಲ್ಲಿದ್ದವು. ನಾವು ಅದನ್ನು ಓದಿ ಹೇಳಿದೆವು. ಮುಂದೇನು ಮಾಡಬೇಕು ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಓದಿ ಹೇಳುವುದು ಬೇರೆ, ಕಾನೂನು ಸಲಹೆ ಕೊಡುವುದು ಬೇರೆ ಎಂಬುದು ಆ ಸಂಜೆ ನಮಗೆ ಸ್ಪಷ್ಟವಾಯಿತು.

ಈ ಲೇಖನದ ವಿಷಯ ಅದೇ. ದೊಡ್ಡ ಕಂಪನಿಗಳಿಗೆ ವಕೀಲರು ಸಂಬಳಕ್ಕಿರುತ್ತಾರೆ. ಸಣ್ಣ ಮತ್ತು ಮಧ್ಯಮ ವ್ಯಾಪಾರಿ ಮಾತ್ರ ವಕೀಲರೆಂದರೆ ಕೋರ್ಟು, ಕೋರ್ಟೆಂದರೆ ಖರ್ಚು ಎಂದು ದೂರ ಉಳಿಯುತ್ತಾನೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಹಾಗೆ ದೂರ ಉಳಿಯುವುದು ಇನ್ನೂ ದುಬಾರಿ.

ಮೂರು ತಲೆಮಾರು, ಮೂರು ಭಾಷೆಯ ಕಾಗದ

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಅಂದು ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಂದು ತೆಲಂಗಾಣದ ಭಾಗವಾದವು. 2016ರಲ್ಲಿ ಹೊಸ ಜಿಲ್ಲೆಗಳಾದಾಗ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್ ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಹಂಚಿಕೆಯಾದವು. ಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಕಾಗದದ ಮಾತು ಮಾತ್ರ ಬದಲಾಗುತ್ತಲೇ ಹೋಯಿತು: ನಿಜಾಮರ ಕಾಲದ ಅಜ್ಜನ ದಸ್ತಾವೇಜು ಉರ್ದುವಿನಲ್ಲಿ, ತಂದೆಯ ಪಹಣಿ ತೆಲುಗಿನಲ್ಲಿ, ಮಗನ ಸಾಲಪತ್ರ ಇಂಗ್ಲಿಷಿನಲ್ಲಿ. ಹೀಗೆ ಮೂರು ತಲೆಮಾರು ತಮಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕುತ್ತ ಬಂದಿದೆ. ಸಹಿ ಹಾಕಿದವನು ಒಳಗಿನ ಶರತ್ತು ತಿಳಿದೇ ಹಾಕಿದ್ದಾನೆಂದು ನ್ಯಾಯಾಲಯ ಸಾಮಾನ್ಯವಾಗಿ ಭಾವಿಸುತ್ತದೆ. ಬರಹದ ಶರತ್ತಿಗೆ ವಿರುದ್ಧವಾಗಿ “ಬಾಯಿಮಾತಿನಲ್ಲಿ ಹಾಗೆ ಹೇಳಿದ್ದರು” ಎಂದರೆ ಅದು ಅಪರೂಪಕ್ಕೆ ಮಾತ್ರ ನಡೆಯುತ್ತದೆ.

ಕರ್ನಾಟಕದ ನೋಟಿಸುಗಳು ಕಲಿಸಿದ ಪಾಠ

2025ರ ಜುಲೈನಲ್ಲಿ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು. ಯುಪಿಐ ಮೂಲಕ ಖಾತೆಗೆ ಬಂದ ಹಣವನ್ನು ಆಧಾರವಾಗಿಟ್ಟುಕೊಂಡು, ಹಿಂದಿನ ವರ್ಷಗಳ ಜಿಎಸ್‌ಟಿಯ ಬಗ್ಗೆ ವಿವರಣೆ ಕೇಳಲಾಗಿತ್ತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಗಳವರು ಗಾಬರಿಯಾದರು. ಬೆಂಗಳೂರಿನ ಅಂಗಡಿಗಳ ಮುಂದೆ “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಫಲಕಗಳು ಬಂದವು. ವರ್ತಕರು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜುಲೈ 23ರಂದು ವರ್ತಕರ ಪ್ರತಿನಿಧಿಗಳ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆ ಕೊಟ್ಟ ಮೇಲೆ ಆತಂಕ ತಗ್ಗಿತು.

ಆ ಪ್ರಕರಣದಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ತಾಜಾ ತರಕಾರಿ ಮಾರುವವರಿಗೂ ನೋಟಿಸ್ ಬಂದಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಇಂಥ ನೋಟಿಸಿಗೆ ಕೊಡಬೇಕಾದ ಉತ್ತರ ಒಂದು ಪುಟದ್ದು: ನಾವು ಮಾರುವುದು ವಿನಾಯಿತಿ ಪಡೆದ ವಸ್ತು, ಇಗೋ ಖರೀದಿಯ ಚೀಟಿಗಳು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣವೂ ಅಲ್ಲ. ಬಂಧುಗಳು ಕಳಿಸಿದ್ದು, ಸಾಲವಾಗಿ ಪಡೆದದ್ದು ಅದರಲ್ಲಿ ಸೇರಿರಬಹುದು. ಯಾವುದನ್ನು ಬೇರ್ಪಡಿಸಬೇಕು, ಯಾವ ದಾಖಲೆ ಇಡಬೇಕು, ಎಷ್ಟು ದಿನದೊಳಗೆ ಉತ್ತರಿಸಬೇಕು ಎಂದು ಹೇಳುವವರೊಬ್ಬರು ಪಕ್ಕದಲ್ಲಿದ್ದರೆ ನೋಟಿಸ್ ಒಂದು ಪ್ರಶ್ನೆಯಾಗಿರುತ್ತದೆ. ಅಂಥವರಿಲ್ಲದಿದ್ದರೆ ಅದೇ ನೋಟಿಸ್ ಶಿಕ್ಷೆಯಂತೆ ಕಾಣುತ್ತದೆ. ಹೆದರಿ ಸುಮ್ಮನಿದ್ದರೆ ಆದೇಶ ಹೊರಡುತ್ತದೆ. ಜಿಎಸ್‌ಟಿ ಆದೇಶದ ಮೇಲೆ ಮೊದಲ ಮೇಲ್ಮನವಿಗೆ ಇರುವ ಕಾಲಾವಕಾಶ ಮೂರು ತಿಂಗಳು. ತಕ್ಕ ಕಾರಣ ತೋರಿಸಿದರೆ ಇನ್ನೊಂದು ತಿಂಗಳು. ಆಮೇಲೆ ನ್ಯಾಯ ನಮ್ಮ ಕಡೆಗಿದ್ದರೂ ಬಾಗಿಲು ಮುಚ್ಚಿರುತ್ತದೆ.

ಗಡಿಯ ಈಚೆ ನಿಯಮ ಬಿಗಿ

ಕರ್ನಾಟಕದ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ನಮ್ಮ ಅನೇಕ ವ್ಯಾಪಾರಿಗಳು ತಪ್ಪು ತಿಳಿದುಕೊಂಡಿದ್ದಾರೆ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬುದು ಕರ್ನಾಟಕದ ಮಿತಿ. 2019ರಲ್ಲಿ ಮಿತಿ ಏರಿದಾಗ ತೆಲಂಗಾಣ ಅದನ್ನು ಅಳವಡಿಸಿಕೊಳ್ಳದೆ 20 ಲಕ್ಷದಲ್ಲೇ ಉಳಿಯಿತು. ಔರಾದಿನ ಅಂಗಡಿಗೆ ದಿನಕ್ಕೆ ಸರಾಸರಿ ಹನ್ನೊಂದು ಸಾವಿರದ ವ್ಯಾಪಾರದವರೆಗೆ ಇರುವ ರಿಯಾಯಿತಿ ಕಂಗ್ಟಿಯ ಅಂಗಡಿಗೆ ಐದೂವರೆ ಸಾವಿರಕ್ಕೇ ಮುಗಿಯುತ್ತದೆ. ಇಬ್ಬರ ಮಾತು ಒಂದೇ, ಸಂತೆ ಒಂದೇ, ಬೀಗರೂ ಅವರೇ. ಕಾನೂನಿನ ಲೆಕ್ಕ ಬೇರೆ.

ತರಕಾರಿಯನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಅದೇ ಅಂಗಡಿಯಲ್ಲಿ ಸಾಬೂನು, ಬಿಸ್ಕತ್ತು ಇಟ್ಟರೆ ತರಕಾರಿಯ ಮಾರಾಟವೂ ಸೇರಿ ಒಟ್ಟು ವಹಿವಾಟು ಲೆಕ್ಕಕ್ಕೆ ಬರುತ್ತದೆ. ತೆರಿಗೆಗೊಳಪಟ್ಟ ಸರಕನ್ನು ಗಡಿಯಾಚೆಯ ಗಿರಾಕಿಗೆ ಮುಟ್ಟಿಸುವ ಕರಾರಿನ ಮೇಲೆ ಮಾರಿದರೆ ಅದು ಅಂತರರಾಜ್ಯ ವ್ಯಾಪಾರ. ಕೈಮಗ್ಗದ ವಸ್ತುವಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಂಥವರಿಗೆ ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರು ಬೇರೆ ರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ತೆರಿಗೆಯ ಸರಕು 50,000 ರೂಪಾಯಿ ಮೀರಿದರೆ ಗಾಡಿಯ ಜೊತೆ ಇ-ವೇ ಬಿಲ್ ಇರಬೇಕು. ಆದರೆ ಔರಾದಿನ ಗಿರಾಕಿ ತಾನೇ ಬಂದು ನಮ್ಮ ಗಲ್ಲೆಯ ಮುಂದೆ ಹಣ ಕೊಟ್ಟು ಸರಕು ಒಯ್ದರೆ ಲೆಕ್ಕ ಬೇರೆಯಾಗುತ್ತದೆ. ಬೆಂಗಳೂರಿನ ವ್ಯಾಪಾರಿಗೆ ವರ್ಷಕ್ಕೊಮ್ಮೆ ಎದುರಾಗಬಹುದಾದ ಈ ಪ್ರಶ್ನೆ ಕಂಗ್ಟಿಯಲ್ಲಿ ಪ್ರತಿ ಸಂತೆಯ ದಿನ ಎದುರಾಗುತ್ತದೆ. ಗಡಿಯ ಅಂಗಡಿ ಎಷ್ಟೇ ಸಣ್ಣದಾದರೂ ಅದಕ್ಕೆ ತಟ್ಟುವ ಕಾನೂನು ಸಣ್ಣದಲ್ಲ.

ಸಾಲದ ಕಾಗದ ನಮಗೆ ತಿಳಿಯುವ ಭಾಷೆಯಲ್ಲಿ

ನಮ್ಮ ಪರವಾಗಿಯೂ ನಿಯಮಗಳಿವೆ. ಅವನ್ನು ಕೇಳಿ ಪಡೆಯುವವರು ಕಡಿಮೆ. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಬ್ಯಾಂಕುಗಳಲ್ಲಿ ಅದನ್ನು ಕೆಎಫ್‌ಎಸ್ ಎನ್ನುತ್ತಾರೆ. ಎಲ್ಲ ಖರ್ಚೂ ಸೇರಿದ ವಾರ್ಷಿಕ ಬಡ್ಡಿದರ, ಶುಲ್ಕಗಳು, ಕಂತಿನ ವಿವರ ಅದರಲ್ಲಿರಬೇಕು. ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳುತ್ತದೆ. ಪತ್ರದಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲಿ ಮಾಡುವಂತಿಲ್ಲ.

ಅರ್ಥವಾಗುವ ಭಾಷೆ ಎಂದರೆ ಕಂಗ್ಟಿಯ ಕನ್ನಡಿಗನಿಗೆ ಕನ್ನಡ. “ನನಗೆ ಕೆಎಫ್‌ಎಸ್ ಕನ್ನಡದಲ್ಲಿ ಕೊಡಿರಿ” ಎಂದು ಬ್ಯಾಂಕಿನ ಮುಂದೆ ಕೇಳುವುದು ದುಡುಕೂ ಅಲ್ಲ, ಭಾಷೆಯ ಹಟವೂ ಅಲ್ಲ. ಅದು ಸಾಲಗಾರನ ಹಕ್ಕು. ಬೇರೆ ಕರಾರುಗಳ ವಿಷಯದಲ್ಲಿಯೂ ಒಂದು ರೂಢಿ ಬೆಳೆಸಿಕೊಳ್ಳಬಹುದು. ಸಹಿಯ ಕೆಳಗೆ “ಈ ಕರಾರನ್ನು ಇಂಥವರು ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ, ತಿಳಿದುಕೊಂಡು ಸಹಿ ಹಾಕಿದ್ದೇನೆ” ಎಂಬ ಒಕ್ಕಣೆಯನ್ನು ಓದಿದವರ ಸಹಿಯೊಂದಿಗೆ ಬರೆಸಬೇಕು. ಯಾರೂ ಓದಿ ಹೇಳದಿದ್ದರೆ ಹಾಗೆ ಬರೆಯಲಾಗದು; ಬರೆಯಲಾಗದಿದ್ದಾಗ ಸಹಿಯೂ ಬೇಡ.

ಬರಬೇಕಾದ ಹಣಕ್ಕೂ ಗಡುವಿದೆ

ವ್ಯಾಪಾರ ನಷ್ಟಕ್ಕೆ ಬೀಳುವುದು ತೆರಿಗೆಯಿಂದ ಮಾತ್ರವಲ್ಲ, ಉದ್ದರಿಯಿಂದಲೂ. ಉದ್ದರಿ ಕೊಟ್ಟ ಸರಕಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಇರುವ ಅವಧಿ ಮೂರು ವರ್ಷ. ಅದರೊಳಗೆ ಗಿರಾಕಿ “ಇಷ್ಟು ಬಾಕಿ ಇದೆ” ಎಂದು ಬರೆದು ಸಹಿ ಹಾಕಿಕೊಟ್ಟರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಉದ್ದರಿ ವಹಿಯಲ್ಲಿ ವರ್ಷಕ್ಕೊಮ್ಮೆ ಗಿರಾಕಿಯ ಸಹಿ ಪಡೆಯುವ ಅಭ್ಯಾಸವಿದ್ದರೆ ಎಷ್ಟೋ ಅಂಗಡಿಗಳ ಹಣ ಉಳಿಯುತ್ತದೆ.

ಚೆಕ್ಕಿನ ವಿಷಯದಲ್ಲಿ ಗಡುವು ಇನ್ನೂ ಬಿಗಿ. ಚೆಕ್ಕು ಹಣವಿಲ್ಲದೆ ಮರಳಿತೆಂದು ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ಅದು ತಲುಪಿದ ಮೇಲೆ ಎದುರಿನವನಿಗೆ 15 ದಿನ ಕಾಲಾವಕಾಶ. ಆಗಲೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. “ಈ ಹಬ್ಬ ಮುಗೀಲಿ, ಕೊಡ್ತೀನಿ” ಎಂಬ ಮಾತಿಗೆ ಕಾಯುತ್ತ ಕುಳಿತರೆ ಮೊದಲ 30 ದಿನಗಳೇ ಕೈಬಿಡುತ್ತವೆ. ಗಡಿಭಾಗದವರಿಗೆ ಇಲ್ಲೊಂದು ಅನುಕೂಲವೂ ಇದೆ. 2015ರ ತಿದ್ದುಪಡಿಯ ನಂತರ, ಖಾತೆಗೆ ಜಮೆ ಮಾಡಿದ ಚೆಕ್ಕಿನ ದೂರನ್ನು ಹಣ ಪಡೆಯಬೇಕಾದವನ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ಸಲ್ಲಿಸಬೇಕು. ಬೀದರಿನ ವ್ಯಾಪಾರಿ ಕೊಟ್ಟ ಚೆಕ್ಕನ್ನು ನಮ್ಮ ಊರಿನ ಖಾತೆಗೆ ಹಾಕಿದ್ದರೆ ಬೀದರಿಗೆ ಅಲೆಯಬೇಕಿಲ್ಲ.

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕಗಳಿವೆ, ಬೇಳೆ ಮಿಲ್ಲುಗಳಿವೆ. ಇಂಥ ಉತ್ಪಾದಕರಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ ಇನ್ನೊಂದು ಬಲ ಕೊಟ್ಟಿದೆ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು ಪಡೆದವರು ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಇದಕ್ಕೆ ಬೇಕಾದ ಉದ್ಯಮ್ ನೋಂದಣಿ ಉಚಿತ. ಸರಕು ಕಳಿಸುವ ಮುಂಚೆಯೇ ಅದನ್ನು ಮಾಡಿಸಿಕೊಂಡಿರುವುದು ಕ್ಷೇಮ. ಆದರೆ ಕೊಂಡು ಮಾರುವ ವ್ಯಾಪಾರಿಗೆ ಉದ್ಯಮ್ ನೋಂದಣಿ ಸಿಕ್ಕರೂ ಈ 45 ದಿನಗಳ ರಕ್ಷಣೆ ಸಿಗುವುದಿಲ್ಲ. ಒಂದೇ ಪ್ರಮಾಣಪತ್ರ ಮಿಲ್ಲಿನವನಿಗೆ ಒಂದು ಫಲ, ಅಂಗಡಿಯವನಿಗೆ ಇನ್ನೊಂದು ಫಲ ಕೊಡುತ್ತದೆ.

ವಕೀಲರ ಖರ್ಚಿನ ಪ್ರಶ್ನೆ

“ನಮ್ಮ ರಿಟರ್ನ್ ತುಂಬುವವರು ಇದ್ದಾರಲ್ಲ” ಎಂದು ಅನೇಕರು ಹೇಳುತ್ತಾರೆ. ಅಂಕಿ ತುಂಬಿ ಕಳಿಸುವವರು ಬೇಕು. ಅವರ ಕೆಲಸವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಕರಾರಿನ ಶರತ್ತು ತಿದ್ದುವುದು, ನೋಟಿಸಿಗೆ ಕಾನೂನಿನ ಉತ್ತರ ಬರೆಯುವುದು, ಗಡುವು ಕಾಯುವುದು ಬೇರೆ ವಿದ್ಯೆ. ಅದಕ್ಕೆ ಕೊಡುವ ಶುಲ್ಕವನ್ನು ದಂಡದಂತೆ ಕಾಣದೆ ಬೀಗಕ್ಕೆ ಕೊಟ್ಟ ಹಣದಂತೆ ಕಾಣಬೇಕು.

ಒಂಟಿ ಅಂಗಡಿಗೆ ಈ ಖರ್ಚು ಭಾರವಾಗುವುದು ನಿಜ. ಅದಕ್ಕೆ ನಮಗೆ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು, ಹತ್ತಾರು ಅಂಗಡಿಗಳು ಕೂಡಿ ಒಬ್ಬ ವಕೀಲರನ್ನು ಗೊತ್ತುಮಾಡಿಕೊಳ್ಳುವುದು. ತಿಂಗಳಿಗೊಂದು ದಿನ ಅವರು ಕಂಗ್ಟಿಗೆ ಬಂದು ಕಾಗದ ನೋಡಿ ಹೋಗಲಿ. ಎರಡನೆಯದು, ಗಡಿಯಾಚೆಯ ಕನ್ನಡ ವಕೀಲರ ನೆರವು. 1961ರ ವಕೀಲರ ಕಾಯ್ದೆಯ 30ನೆಯ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಾಯಿಸಿದ ವಕೀಲರು ದೇಶದ ಬೇರೆಡೆಯ ನ್ಯಾಯಾಲಯಗಳಲ್ಲೂ ವೃತ್ತಿ ಮಾಡಬಹುದು. ಕರಾರು, ಚೆಕ್ಕು, ಕಾಲಮಿತಿ, ಸಣ್ಣ ಉದ್ದಿಮೆ ಎಲ್ಲವೂ ಕೇಂದ್ರದ ಕಾಯ್ದೆಗಳು. ಬೀದರಿನಲ್ಲೂ ನಾರಾಯಣಖೇಡದಲ್ಲೂ ಅವು ಒಂದೇ. ತೆಲಂಗಾಣದ್ದೇ ಆದ ನಿಯಮಗಳಿಗೆ ಸ್ಥಳೀಯ ವಕೀಲರನ್ನು ಕೇಳಿದರೆ ಸಾಕು.

ಮೂರನೆಯದು, ಉಚಿತ ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮು ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಕೊಡುತ್ತದೆ. ಉಳಿದವರಿಗೆ ಆದಾಯದ ಮಿತಿಯಿದೆ. ಕೋರ್ಟಿನ ವಕಾಲತ್ತಿನ ಜೊತೆಗೆ ಕಾನೂನು ವಿಷಯದಲ್ಲಿ ಸಲಹೆ ಕೊಡುವುದೂ ಆ ಕಾಯ್ದೆಯ ಅರ್ಥದಲ್ಲಿ ಕಾನೂನು ಸೇವೆಯೇ. ನಮ್ಮಲ್ಲಿ ಹೊಲಿಗೆ ಅಂಗಡಿ, ರೊಟ್ಟಿ ಕೇಂದ್ರ, ಬಳೆ ಅಂಗಡಿ ನಡೆಸುವ ತಾಯಂದಿರಿದ್ದಾರೆ. ಅವರಲ್ಲಿ ಪ್ರತಿಯೊಬ್ಬರಿಗೂ ಈ ಹಕ್ಕಿದೆ. ದೇಶವ್ಯಾಪಿ ಸಹಾಯವಾಣಿಯ ಸಂಖ್ಯೆ 15100. ಕೋರ್ಟಿಗೆ ಹೋಗುವ ಮುಂಚೆಯೇ ತಕರಾರನ್ನು ಲೋಕ ಅದಾಲತ್ತಿನ ಮುಂದೆ ಇಡಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ; ಆದ್ದರಿಂದ ಅಲ್ಲಿಯೂ ತಿಳಿದೇ ಸಹಿ ಹಾಕಬೇಕು.

ಸರ್ಕಾರದ ಮುಂದೆ, ನಮ್ಮ ಮುಂದೆ

ಸಂವಿಧಾನದ 350ನೆಯ ವಿಧಿಯಂತೆ ಯಾರೇ ಆಗಲಿ ತಮ್ಮ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಸಲ್ಲಿಸಬಹುದು. ಜನಸಂಖ್ಯೆಯ ಶೇಕಡಾ 15ರಿಂದ 20ರಷ್ಟು ಭಾಷಾ ಅಲ್ಪಸಂಖ್ಯಾತರಿರುವ ಪ್ರದೇಶಗಳಲ್ಲಿ ಮುಖ್ಯ ಸೂಚನೆ, ನಿಯಮಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೋಪಾಯಗಳಲ್ಲಿ ಒಂದು. ಆದ್ದರಿಂದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ನಾವು ಕೇಳುವುದು ಇಷ್ಟೆ: ಗಡಿ ಮಂಡಲಗಳಿಗೆ ಕನ್ನಡ ಬಲ್ಲ ಒಬ್ಬ ವಕೀಲರನ್ನಾದರೂ ಗೊತ್ತುಪಡಿಸಲಿ, ಕಾನೂನು ಅರಿವಿನ ಶಿಬಿರಗಳನ್ನು ನಮ್ಮ ಕನ್ನಡ ಶಾಲೆಗಳಲ್ಲಿ ಕನ್ನಡದಲ್ಲಿ ನಡೆಸಲಿ. ಶಾಲೆಯ ಕೋಣೆಗಳನ್ನು ತೆರೆದುಕೊಡಲು ಶಿಕ್ಷಕರಾದ ನಾವು ಸಿದ್ಧರಿದ್ದೇವೆ.

ಕೊನೆಯ ಮಾತು ಪಾಲಕರಿಗೆ. ಏಜೆನ್ಸಿಯ ಕರಾರಿನಲ್ಲಿ ಠೇವಣಿ ಕಳೆದುಕೊಂಡ ಆ ತಂದೆ ಮರುವರ್ಷ ಮಗನ ವರ್ಗಾವಣೆ ಪತ್ರ ಕೇಳಲು ಬಂದರು. “ಕನ್ನಡದಾಗ ಓದಿ ನಾ ಇಷ್ಟ್ ಕಳಕೊಂಡೀನಿ ಸರ, ಮಗಂದು ಹಂಗಾಗಬಾರದು” ಎಂದರು. ನಾವು ಪತ್ರ ಕೊಟ್ಟೆವು. ಕೊಡದಿರಲು ನಮಗೆ ಅಧಿಕಾರವಿಲ್ಲ. ಆದರೆ ಅವರ ತೀರ್ಮಾನವನ್ನು ನಾವು ಒಪ್ಪಲಿಲ್ಲ. ಇಂಗ್ಲಿಷ್ ಬಲ್ಲ ಪಟ್ಟಣದ ಪದವೀಧರರೂ ಅಂಥ ಕರಾರುಗಳಲ್ಲಿ ಹಣ ಕಳೆದುಕೊಳ್ಳುತ್ತಾರೆ. ನಾವೇ ಆ ಆರು ಪುಟ ಓದಿದವರು. ಓದಿದರೂ ದಾರಿ ತೋರಲಾಗಲಿಲ್ಲ. ಕೊರತೆ ಇದ್ದದ್ದು ಸಹಿಗೆ ಮುಂಚೆ ಕೇಳಿ ತಿಳಿಯುವ ಅಭ್ಯಾಸದಲ್ಲಿ, ಕೇಳಲು ಒಬ್ಬರು ಇಲ್ಲದಿದ್ದುದರಲ್ಲಿ. 2018ರ ಕಾನೂನಿನಂತೆ ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗನ್ನು ಕಲಿಯುತ್ತಿದ್ದಾರೆ, ಇಂಗ್ಲಿಷನ್ನೂ ಕಲಿಯುತ್ತಿದ್ದಾರೆ. ಕನ್ನಡ ಶಾಲೆಯಿಂದ ನಾಳೆ ಒಬ್ಬ ಹುಡುಗಿ ವಕೀಲೆಯಾಗಿ ನಾರಾಯಣಖೇಡದ ನ್ಯಾಯಾಲಯಕ್ಕೆ ಬಂದರೆ ಅವಳಿಗೆ ಈ ಮೂರೂ ಭಾಷೆಯ ಕಾಗದ ಓದಲು ಬರುತ್ತದೆ. ಓದಿದ್ದನ್ನು ನಮ್ಮ ಅಂಗಡಿಯವರಿಗೆ ಅವರ ಮಾತಿನಲ್ಲಿ ತಿಳಿಹೇಳಲೂ ಬರುತ್ತದೆ. ಅಂಥವಳು ಬರುವವರೆಗೆ, ಯಾರೇ ಕಾಗದ ಚಾಚಿ ಪೆನ್ನು ಕೊಟ್ಟರೂ “ನಾಳೆ ಬರ್ರಿ, ವಕೀಲರಿಗೆ ತೋರಿಸಿ ಸಹಿ ಹಾಕ್ತೀನಿ” ಎಂದು ಹೇಳುವುದನ್ನು ನಾವೆಲ್ಲರೂ ಕಲಿಯೋಣ.